ಹಳೇ ಡಬ್ಬಿ ವಾಪಸ್

ಸಾಹೇಬರ ಕಾರು ಒಮ್ಮೊಮ್ಮೆ ಮಿಸ್ ಹೊಡೆದು ಜಗ್ಗುತ್ತಿತ್ತು. ಓಡಿಸೋಕೆ ಬರಲ್ಲ ಅಂತ, ಹದಿನೆಂಟು ವರ್ಷ ದುಡಿದ ಡ್ರೈವರ್ ಚಿಕ್ಕಮಾದುವನ್ನು ಮನೆಗೆ ಕಳಿಸಿದರು.

“ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ ಬಿಸಿಯಾದಾಗ ಕೈಕೊಡ್ತಿದೆ ಸಾರ್” ಎಂದ ಗ್ಯಾರೇಜಿನ ಮೆಕ್ಯಾನಿಕ್.

“ಸುಳ್ಳು! ತಪ್ಪು ಡ್ರೈವರದ್ದೇ.”

ಮೆಕ್ಯಾನಿಕ್ ವಾದಕ್ಕಿಳಿಯಲಿಲ್ಲ. “ಹಾಗಾದ್ರೆ ನೀವೇ ಓಡಿಸಿ ಸಾರ್, ನೋಡಿ ಕಲೀತೀನಿ” ಎಂದು ಕೀ ಕೊಟ್ಟು ಪಕ್ಕದಲ್ಲಿ ಕೂತ. ಇಂಜಿನ್ ಬಿಸಿಯಾಗುವ ತನಕ ಊರೆಲ್ಲ ಸುತ್ತಿಸಿದ. ಏರಿನಲ್ಲಿ ಕಾರು ಮೂರು ಸಲ ಜಗ್ಗಿ ನಿಂತೇಬಿಟ್ಟಿತು.

“ಬದಲಾಯಿಸು” ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

ಹೊಸ ಡಬ್ಬಿ ಕೂತಿತು, ಜಗ್ಗಾಟ ನಿಂತಿತು. ಸಾಹೇಬರ ಗತ್ತೂ ಮರಳಿತು. “ಹಳೇದು ಎಲ್ಲಯ್ಯಾ? ವಾಪಸ್ ಕೊಡು!”

ಮೆಕ್ಯಾನಿಕ್ ಅದನ್ನು ಒರೆಸಿ ಕೈಗಿಟ್ಟ. “ಕೆಟ್ಟ ಡಬ್ಬೀನ ಮರೀದೆ ವಾಪಸ್ ಕೇಳಿದ್ರಿ ಸಾರ್. ಕೆಡದ ಮನುಷ್ಯನ್ನ ಯಾವಾಗ ವಾಪಸ್ ಕರೀತೀರಿ?”

ಸಾಹೇಬರು ಕಾರು ಹತ್ತಿ ಗಾಜು ಏರಿಸಿಕೊಂಡರು.