ಇನ್ನರ್ಧ ಸುತ್ತು

“ಗುರುಗಳೇ, ಅವ್ವನನ್ನು ನೋಡಿಕೊಳ್ಳುವುದರಲ್ಲಿ ನಾನು ಎಲ್ಲಿ ಕಡಿಮೆ ಮಾಡಿದೆ?” ಎಂದು ನಿರ್ವಾಣಪ್ಪ ಕೇಳಿದ.

ನಿರ್ವಾಣಪ್ಪ ಹನ್ನೆರಡು ವರ್ಷದಿಂದ ಮಠಕ್ಕೆ ಬರುತ್ತಿದ್ದ ಶಿಷ್ಯ. ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂದು ವರ್ಷದ ಹಿಂದೆ ಅವನ ತಾಯಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು. ಈಗ ಕೋಲಿಲ್ಲದೆ ನಡೆಯುತ್ತಿದ್ದಳು.

“ಬಿಡಿಸಿ ಹೇಳು” ಎಂದರು ಗುರುಗಳು.

“ಅಡುಗೆ ನಾನೇ ಮಾಡುತ್ತೇನೆ. ತಲೆ ನಾನೇ ಬಾಚುತ್ತೇನೆ. ಅವಳು ಏಳುವುದಕ್ಕೆ ಮೊದಲೇ ಎದ್ದಿರುತ್ತೇನೆ. ಒಲೆಯ ಹತ್ತಿರ ಬಿಡುವುದಿಲ್ಲ, ಮೆಟ್ಟಿಲ ಹತ್ತಿರ ಬಿಡುವುದಿಲ್ಲ. ಆದರೂ ದಿನದಿನಕ್ಕೆ ಸುಮ್ಮನಾಗುತ್ತಿದ್ದಾಳೆ. ಮಾತಾಡುತ್ತಾ ಮಾತಾಡುತ್ತಾ ನಿಂತುಬಿಡುತ್ತಾಳೆ. ತುತ್ತು ಕೈಯಲ್ಲೇ ಇರುತ್ತದೆ, ಕಣ್ಣು ಎಲ್ಲೋ ಇರುತ್ತದೆ. ಎರಡು ಕಡೆ ಡಾಕ್ಟರಿಗೆ ತೋರಿಸಿದೆ. ರೋಗ ಏನೂ ಇಲ್ಲ ಅಂದರು. ಹಾಗಾದರೆ ತಪ್ಪು ನನ್ನದೇ ಇರಬೇಕು. ಇನ್ನೇನು ಮಾಡಲಿ, ಹೇಳಿ. ಅವ್ವ ಹೀಗೇ ಆರಿಹೋದರೆ ನಾನು ಹೇಗೆ ಬದುಕಲಿ?”

ಗುರುಗಳು ಮುಂಗೋಪಿ. ಯಾರು ಬಂದರೂ ಮೊದಲು ಬಯ್ದು ಆಮೇಲೆ ಮಾತಾಡಿಸುವವರು. ಅವತ್ತು ಬಯ್ಯಲಿಲ್ಲ.

“ಕೂತುಕೋ. ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ. ಲೆಕ್ಕದ ಮೇಷ್ಟ್ರಿಗೆ ಉತ್ತರ ಮೊದಲೇ ಬೇಕು, ನನಗೆ ಗೊತ್ತು. ಇವತ್ತು ಸ್ವಲ್ಪ ಕಾಯಿ” ಎಂದು ಹೇಳಿ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಂಪ್ ರಿಪೇರಿಯವನಿದ್ದ. ಬೋರ್‌ವೆಲ್ಲಿಗೆ ಮೋಟಾರು ಇಳಿಸುವುದು, ಕೆಟ್ಟರೆ ಮೇಲೆತ್ತುವುದು, ಇದೇ ಅವನ ಕಸುಬು. ಮೂವತ್ತು ವರ್ಷ ಅದನ್ನೇ ಮಾಡಿದ್ದ. ಹೆಸರು ಕೇಳಬೇಡ. ಹೇಳಿದರೆ ನಾಳೆಯೇ ಅವನನ್ನು ಹುಡುಕಿಕೊಂಡು ಹೋಗುತ್ತೀಯ, ಅವನು ನನ್ನ ಮೇಲೆ ಸಿಟ್ಟಾಗುತ್ತಾನೆ.

ಆ ಕೆಲಸ ನೋಡಿದ್ದೀಯಾ? ಮೋಟಾರಿಗೆ ಒಂದು ಪೈಪು, ಆ ಪೈಪಿಗೆ ಇನ್ನೊಂದು, ಅದಕ್ಕೆ ಮತ್ತೊಂದು. ಹೀಗೆ ಜೋಡಿಸುತ್ತಾ ನಾನೂರು ಅಡಿ ಇಳಿಸಬೇಕು. ಪ್ರತಿಯೊಂದು ಜೋಡಣೆಗೂ ಪಾನ, ಅಂದರೆ ಸ್ಪ್ಯಾನರು, ಹಾಕಿ ತಿರುಗಿಸಿ ಬಿಗಿ ಮಾಡಬೇಕು. ಒಂದೇ ಒಂದು ಸಡಿಲವಿದ್ದರೆ ಮುಗಿಯಿತು, ಮೋಟಾರು, ಪೈಪು, ವೈರು ಎಲ್ಲಾ ಪಾತಾಳಕ್ಕೆ. ಕಸುಬು ಕಲಿತ ಹೊಸದರಲ್ಲಿ ಅವನ ಕೈಯಲ್ಲಿ ಒಂದು ಸಲ ಹಾಗೆ ಆಗಿತ್ತು. ಆ ಮನೆಯವರು ಒಂದು ಮಾತೂ ಆಡಲಿಲ್ಲವಂತೆ. ಬಾವಿಯ ಬಾಯಿ ನೋಡುತ್ತಾ ಸುಮ್ಮನೆ ನಿಂತರಂತೆ. ಅವತ್ತಿನಿಂದ ಅವನಿಗೊಂದು ಅಭ್ಯಾಸ ಬಿತ್ತು. ಬಿಗಿಯಾಯಿತು ಅನ್ನಿಸಿದ ಮೇಲೂ ಪಾನ ಬಿಡುತ್ತಿರಲಿಲ್ಲ. “ಇರಲಿ, ಇನ್ನರ್ಧ ಸುತ್ತು” ಅನ್ನುತ್ತಿದ್ದ. ಆಮೇಲೆ ಅವನು ಇಳಿಸಿದ ಮೋಟಾರು ಒಂದೂ ಬೀಳಲಿಲ್ಲ. ಕೈ ಅಂದರೆ ಅವನ ಕೈ ಎಂದು ಸುತ್ತಲಿನ ಊರಿನವರು ಹೇಳುತ್ತಿದ್ದರು.

ಅವನ ಹೆಂಡತಿ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ನಮ್ಮ ಮಠದ ಕರಪತ್ರ, ಎಲ್ಲಾ ಅವಳ ಬೆರಳಿನಿಂದಲೇ. ಇಪ್ಪತ್ತೆರಡು ವರ್ಷ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಯಾರ ಮನೆಯಲ್ಲಿ ಯಾರಿಗೆ ಮದುವೆ ಎಂಬುದು ಊರಿಗಿಂತ ಮೊದಲು ಅವಳಿಗೆ ಗೊತ್ತು. ನಾನು ಬರೆದ ಕರಪತ್ರದಲ್ಲೇ ತಪ್ಪು ಹುಡುಕಿ ನನ್ನನ್ನೇ ಬಯ್ದಿದ್ದಾಳೆ, ಗಟ್ಟಿಗಿತ್ತಿ! ಒಂದು ದಿನ ಅದೇ ಪ್ರೆಸ್ಸಿನಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆಗೆ ಒಯ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಉಳಿದುಕೊಂಡಳು. ಡಾಕ್ಟರು ಹೇಳಿದ್ದು ಇಷ್ಟು: ಮಾತ್ರೆ ತಪ್ಪಿಸಬೇಡಿ, ದಿನಾ ನಡೆಯಿರಿ, ಎರಡು ತಿಂಗಳಾದ ಮೇಲೆ ಕೆಲಸಕ್ಕೆ ಹೋಗಬಹುದು. ಗಂಡನ ಕಿವಿಗೆ ಬಿದ್ದದ್ದು ಮಾತ್ರೆಯ ಮಾತೊಂದೇ.

ಹೆದರಿದ್ದ, ಪಾಪ. ಏಳಬೇಡ ಅಂದ. ನೀರು ನಾನು ತರುತ್ತೇನೆ ಅಂದ. ಒಲೆ ಮುಟ್ಟಬೇಡ ಅಂದ. ನಡೆಯುವುದಾದರೆ ಮನೆಯೊಳಗೇ ನಡೆ, ನಾನು ಜೊತೆಗಿರುತ್ತೇನೆ ಅಂದ. ಪ್ರೆಸ್ಸಿನ ಮಾತೆತ್ತಿದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ತಂದುಕೊಂಡವನ ಜೊತೆ ಯಾರು ಜಗಳ ಆಡುತ್ತಾರೆ? ಅವಳು ಕಿಟಕಿಯ ಹತ್ತಿರ ಕೂತಳು. ಮೂರು ತಿಂಗಳಲ್ಲಿ ಅಷ್ಟು ಮಾತಿನ ಹೆಂಗಸು ಹೂಂ, ಉಹೂಂ ಎರಡಕ್ಕೆ ಬಂದು ಮುಟ್ಟಿದಳು.

ಅವನಿಗೂ ಅದು ಕಾಣುತ್ತಿತ್ತು. ಅವಳನ್ನು ಮತ್ತೆ ಮೊದಲಿನ ಹಾಗೆ ನೋಡಬೇಕು ಎಂದು ಅವನ ಜೀವ ಒದ್ದಾಡುತ್ತಿತ್ತು. ಯೋಚಿಸಿ ಯೋಚಿಸಿ, ಪ್ರೆಸ್ಸನ್ನೇ ಮನೆಗೆ ತರುತ್ತೇನೆ ಎಂದು ತೀರ್ಮಾನಿಸಿದ. ಸಿದ್ಧವಾದ ಕಂಪ್ಯೂಟರ್ ತರಬಹುದಿತ್ತು. ತರಲಿಲ್ಲ. ಬೇರೆಯವರು ಬಿಗಿ ಮಾಡಿದ್ದನ್ನು ನಂಬುವವನಲ್ಲ ಅವನು. ಜಿಲ್ಲಾ ಕೇಂದ್ರದ ಅಂಗಡಿಗೆ ಹೋಗಿ ಬಿಡಿಭಾಗಗಳನ್ನು ತಂದ. ಜೋಡಿಸುವ ಬಗೆಯನ್ನು ಅಂಗಡಿಯವನಿಂದ ಎರಡೆರಡು ಸಲ ಹೇಳಿಸಿಕೊಂಡ. ಮಂಚದ ಮೇಲೆ ಒಗೆದ ಪಂಚೆ ಹಾಸಿ ಮದರ್‌ಬೋರ್ಡ್ ಎನ್ನುವ ಹಲಗೆಗೆ ಒಂದೊಂದನ್ನೇ ಕೂರಿಸಿದ. ಪ್ರೊಸೆಸರ್ ಎನ್ನುವ ಚಿಪ್ ಬಿಸಿಯಾಗದ ಹಾಗೆ ಅದರ ಮೇಲೆ ಒಂದು ಫ್ಯಾನು ಕೂರಬೇಕು. ಆ ಫ್ಯಾನಿಗೆ ನಾಲ್ಕು ಸ್ಕ್ರೂ. ನಾಲ್ಕನ್ನೂ ಬಿಗಿ ಮಾಡಿದ. ಆಮೇಲೆ ನಾಲ್ಕಕ್ಕೂ ಇನ್ನರ್ಧ ಸುತ್ತು.

ನಗಬೇಡ. ಅವನ ಜಾಗದಲ್ಲಿ ನೀನಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಂಪ್ಯೂಟರ್ ಆನ್ ಆಯಿತು. ಪರದೆ ಬೆಳಗಿತು. ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಬೆರಳಿನ ನೆಟಿಕೆ ಮುರಿದಳು. ನಕ್ಕಳು. ಮೂರು ತಿಂಗಳಾದ ಮೇಲೆ ನಕ್ಕಳು. ಅವನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟ.

ಪ್ರೆಸ್ಸಿನವರು ಒಂದು ಮದುವೆ ಕಾರ್ಡಿನ ಕೆಲಸ ಕಳಿಸಿದರು. ಮುಕ್ಕಾಲು ಮುಗಿದಿತ್ತು. ಆಗ ಕಂಪ್ಯೂಟರ್ ಹ್ಯಾಂಗ್ ಆಯಿತು. ಪರದೆ ಇದೆ, ಅಕ್ಷರ ಇದೆ, ಬಾಣದ ಗುರುತು ಅಲುಗುವುದಿಲ್ಲ. ಯಾವ ಕೀ ಒತ್ತಿದರೂ ಕಲ್ಲಿಗೆ ಒತ್ತಿದ ಹಾಗೆ. ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದರು. ಉಳಿಸಿಕೊಂಡಷ್ಟು ಉಳಿದಿತ್ತು, ಮಿಕ್ಕಿದ್ದು ಹೋಗಿತ್ತು. ಮತ್ತೆ ಮಾಡಿದಳು. ಅವತ್ತು ಏನೂ ಆಗಲಿಲ್ಲ. ಮರುದಿನ ಹತ್ತು ನಿಮಿಷಕ್ಕೇ ಹ್ಯಾಂಗ್. ಆಮೇಲೆ ಒಂದು ವಾರ ಸುಮ್ಮನಿದ್ದು ಎಂಟನೆಯ ದಿನ ಮೂರು ಸಲ. ಕೆಟ್ಟಿದೆ ಅನ್ನುವ ಹಾಗಿಲ್ಲ, ಸರಿಯಿದೆ ಅನ್ನುವ ಹಾಗೂ ಇಲ್ಲ.

ಅವನು ಮೊದಲು ಕರೆಂಟನ್ನು ಅನುಮಾನಿಸಿದ. ಹೊಸ ಯುಪಿಎಸ್ ತಂದ. ಹ್ಯಾಂಗ್. ಬಿಸಿಯಾಗುತ್ತಿರಬೇಕು ಎಂದು ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟ. ಹ್ಯಾಂಗ್. ಒಳಗಿನ ಸಾಫ್ಟ್‌ವೇರನ್ನೆಲ್ಲಾ ಅಳಿಸಿ ಹೊಸದಾಗಿ ಹಾಕಿಸಿದ. ಹ್ಯಾಂಗ್. ಗೋಡೆಯ ಕ್ಯಾಲೆಂಡರಿನಲ್ಲಿ ಹ್ಯಾಂಗ್ ಆದ ದಿನಕ್ಕೆಲ್ಲಾ ಗುರುತು ಹಾಕಿದ. ಸೆಕೆಯ ದಿನ, ಕರೆಂಟು ಹೋದ ದಿನ, ಕೊನೆಗೆ ಅಮಾವಾಸ್ಯೆ ಹುಣ್ಣಿಮೆಯನ್ನೂ ಬಿಡದೆ ತಾಳೆ ನೋಡಿದ. ಯಾವುದೂ ತಾಳೆಯಾಗಲಿಲ್ಲ.

ಕಡೆಗೆ ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ದ. ಅಂಗಡಿಯವನು ಅದರ ನೆನಪಿನ ಭಾಗವಾದ ರ‍್ಯಾಮನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ. ಸರಿಯಿದೆ. ಮದರ್‌ಬೋರ್ಡಿಗೆ ತನ್ನ ಕೈಯಾರೆ ಫ್ಯಾನ್ ಕೂರಿಸಿ ಇಡೀ ದಿನ ಓಡಿಸಿದ. ಸರಿಯಿದೆ. ಇವನು ಅದನ್ನೆಲ್ಲಾ ಮನೆಗೆ ತಂದು ಮತ್ತೆ ಜೋಡಿಸಿದ. ಹೋದ ಸಲ ಎಲ್ಲೋ ಸಡಿಲ ಉಳಿದಿರಬೇಕು ಎಂದುಕೊಂಡು, ಈ ಸಲ ಇನ್ನೂ ಜೋಪಾನವಾಗಿ ಬಿಗಿ ಮಾಡಿದ. ಎರಡನೆಯ ದಿನ ಹ್ಯಾಂಗ್. ಹೀಗೆ ನಾಲ್ಕು ಸಲ ಆಯಿತಪ್ಪಾ. ನಾಲ್ಕು ಸಲ! ಮನುಷ್ಯ ಎಲ್ಲವನ್ನೂ ಅನುಮಾನಿಸುತ್ತಾನೆ, ತಾನು ಚೆನ್ನಾಗಿ ಮಾಡುವ ಕೆಲಸ ಒಂದನ್ನು ಬಿಟ್ಟು.

ನಾಲ್ಕನೆಯ ಸಲ ಅವನ ಹೆಂಡತಿ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಕೀಬೋರ್ಡಿನ ಮೇಲೆ ಟವೆಲ್ ಮುಚ್ಚಿದಳು. “ಸಾಕು ಕಣ್ರೀ. ನನ್ನ ಕೈಯಲ್ಲಿ ಇನ್ನು ಯಾವ ಕೆಲಸವೂ ಮುಗಿಯುವುದಿಲ್ಲ” ಅಂದಳು. ಹೋಗಿ ಕಿಟಕಿಯ ಹತ್ತಿರ ಕೂತಳು. ಈ ಕಂಪ್ಯೂಟರ್ ನೆಟ್ಟಗಾಗದಿದ್ದರೆ ಈ ಹೆಂಗಸು ಇನ್ನು ಆ ಕಿಟಕಿ ಬಿಟ್ಟು ಏಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಅಂಗಡಿಗೆ ಫೋನ್ ಮಾಡಿದ. ಈ ಸಲ ಬಿಚ್ಚಬೇಡಿ, ಇದ್ದ ಹಾಗೇ ತನ್ನಿ, ನಮ್ಮಲ್ಲಿ ರಿಪೇರಿ ಮಾಡುವ ಹಿರಿಯ ಹೆಣ್ಣುಮಗಳೊಬ್ಬರು ಇದ್ದಾರೆ, ಅವರು ನೋಡಲಿ ಎಂದು ಅಂಗಡಿಯವನು ಹೇಳಿದ. ಇವನು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದ. ಆಕೆ ಮುಚ್ಚಳ ತೆಗೆದಳು. ನಿಮ್ಮ ಕಸುಬೇನು ಎಂದು ಕೇಳಿದಳು. ಇವನು ಹೇಳಿದ. ಆಕೆ ಒಂದು ಸ್ಟೀಲ್ ಸ್ಕೇಲನ್ನು ಮದರ್‌ಬೋರ್ಡಿನ ಉದ್ದಕ್ಕೂ ಹಿಡಿದು, ಬಗ್ಗಿ ನೋಡಿ ಅಂದಳು. ನೋಡಿದ. ಸ್ಕೇಲು ನೆಟ್ಟಗಿತ್ತು. ಬೋರ್ಡು ಫ್ಯಾನಿನ ಹತ್ತಿರ ಒಂದು ಕೂದಲೆಳೆಯಷ್ಟು ಬಾಗಿತ್ತು. ಅದು ಬಾಗಿದ್ದಕ್ಕೇ ಚಿಪ್ಪಿಗೂ ರ‍್ಯಾಮಿಗೂ ನಡುವಿನ ಸಂಪರ್ಕ ಒಮ್ಮೆ ಇರುತ್ತಿತ್ತು, ಒಮ್ಮೆ ತಪ್ಪುತ್ತಿತ್ತು.

“ಇದರಲ್ಲಿ ಯಾವುದೂ ಕೆಟ್ಟಿಲ್ಲಣ್ಣಾ. ನೀವು ಇದರ ಉಸಿರು ಕಟ್ಟಿಸಿದ್ದೀರಿ” ಅಂದಳು. ನಾಲ್ಕು ಸ್ಕ್ರೂಗಳನ್ನೂ ಒಂದಿಷ್ಟು ಹಿಂದಕ್ಕೆ ತಿರುಗಿಸಿದಳು.

ಅವನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಅಷ್ಟು ಸಡಿಲ ಬಿಟ್ಟರೆ ಬಿದ್ದುಹೋಗುವುದಿಲ್ಲವೇ?”

“ಬೀಳುವುದಕ್ಕೆ ಇದೇನು ಬಾವಿಯೇ?” ಅಂದಳು ಆಕೆ.

ಅವನು ಊರು ಮುಟ್ಟುವ ತನಕ ತನ್ನ ಕೈಯನ್ನೇ ನೋಡಿಕೊಂಡು ಬಂದ. ಮೂವತ್ತು ವರ್ಷ ಊರಿಗೆಲ್ಲಾ ನೀರು ಕೊಟ್ಟ ಕೈ ಅದು. ಅದನ್ನು ಬಯ್ಯುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ.

ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಗಲಿಲ್ಲ. ಒಂದು ದಿನ, ಎರಡು ದಿನ, ಹತ್ತು ದಿನ. ಹೆಂಡತಿ ಟವೆಲ್ ತೆಗೆದಳು. ಪ್ರೆಸ್ಸಿನವರ ಇನ್ನೊಂದು ಕಾರ್ಡಿನ ಕೆಲಸ ಮುಗಿಸಿದಳು. ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡೆಯಾ? ಅವನೂ ಹಾಗೇ ಅಂದುಕೊಂಡಿದ್ದ. ಆದರೆ ಅವಳ ಮಾತು ಮಾತ್ರ ಮರಳಲಿಲ್ಲ. ಅದೇ ಹೂಂ, ಅದೇ ಉಹೂಂ. ಕಂಪ್ಯೂಟರ್ ಓಡುತ್ತಿತ್ತು, ಅವಳು ನಿಲ್ಲುತ್ತಿದ್ದಳು. ಒಂದು ಮಾತು ಶುರುಮಾಡಿ ಅರ್ಧಕ್ಕೇ ಬಿಟ್ಟು ಪರದೆ ನೋಡುತ್ತಾ ಕೂರುತ್ತಿದ್ದಳು. ಅವನು ನೀರು ತಂದುಕೊಟ್ಟು, ಮಾತ್ರೆ ಕೊಟ್ಟು, ಪಕ್ಕದಲ್ಲೇ ನಿಂತಿರುತ್ತಿದ್ದ.

ಹನ್ನೊಂದನೆಯ ದಿನ ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. ಪೆನ್‌ಡ್ರೈವನ್ನು ಪ್ರೆಸ್ಸಿಗೆ ಕೊಟ್ಟು ಬರುತ್ತೇನೆ ಅಂದಳು. ಅವನು ತಟ್ಟನೆ ಎದ್ದ. ನಾನು ಕೊಟ್ಟು ಬರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೊತೆಗಾದರೂ ಬರುತ್ತೇನೆ ಎನ್ನುವುದು ಅದರ ಹಿಂದೆಯೇ ಇತ್ತು. ಸ್ಕ್ರೂ ಹಿಂದಕ್ಕೆ ತಿರುಗಿಸಿದ ಆ ರಿಪೇರಿಯ ಹೆಣ್ಣುಮಗಳು ನೆನಪಾದಳು. ಎರಡನ್ನೂ ನುಂಗಿಕೊಂಡು ಕುರ್ಚಿಯ ಮೇಲೆ ಕೂತ. “ಹೋಗಿ ಬಾ” ಅಂದ. ಅಷ್ಟು ಹೇಳುವುದಕ್ಕೆ ನಾನೂರು ಅಡಿ ಪೈಪು ಎತ್ತಿದಷ್ಟು ಸುಸ್ತಾಯಿತಂತೆ ಅವನಿಗೆ. ನನ್ನ ಹತ್ತಿರ ಅವನೇ ಹೇಳಿದ್ದು.

ಪ್ರೆಸ್ಸು ಹತ್ತು ನಿಮಿಷದ ದಾರಿ. ಒಂದು ಗಂಟೆಯಾಯಿತು, ಬರಲಿಲ್ಲ. ಅವನು ಬಾಗಿಲಿಗೆ ಹೋದ, ಬಂದ, ಹೋದ. ಮಠದ ಮೆಟ್ಟಿಲು ಹತ್ತದವನು ಅವತ್ತು ದೇವರನ್ನೂ ಕರೆದ. ಒಂದೂವರೆ ಗಂಟೆಯಾದ ಮೇಲೆ ಅವಳು ಬಂದಳು. ಕೈಯಲ್ಲಿ ಸೊಪ್ಪಿನ ಕಟ್ಟು, ಮುಖದ ತುಂಬ ಬೆವರು. ಹೊಸಿಲು ದಾಟುತ್ತಲೇ ಶುರುಮಾಡಿದಳು. ಪ್ರೆಸ್ಸಿನಲ್ಲಿ ಅವಳ ಕುರ್ಚಿ ಯಾರೋ ಮುರಿದಿಟ್ಟಿದ್ದಾರಂತೆ. ಯಾವುದೋ ಕಾರ್ಡಿನಲ್ಲಿ ಮದುಮಗಳ ಹೆಸರೇ ತಪ್ಪಿ ಅಚ್ಚಾಗಿದೆಯಂತೆ, ತಾನಿಲ್ಲದಿದ್ದರೆ ಹೀಗೇ ಅಂತೆ. ಸೊಪ್ಪಿನವಳ ಮಗಳಿಗೆ ಗಂಡು ಗೊತ್ತಾಯಿತಂತೆ. “ಮತ್ತೆ ನೀವು! ಇಷ್ಟು ತಿಂಗಳಿಂದ ಆ ಸಾರಿಗೆ ಉಪ್ಪು ಸುರಿದು ಸುರಿದು ನನ್ನ ನಾಲಿಗೆ ಕೆಡಿಸಿಬಿಟ್ಟಿರಲ್ಲಾ! ಏಳಿ ಆಚೆ, ಒಲೆಯ ಹತ್ತಿರ ಬರಬೇಡಿ” ಅಂದಳು. ಸೊಪ್ಪು ಬೆಂದು ಇಳಿಯುವ ತನಕ ಅವಳ ಮಾತು ಎಲ್ಲಿಯೂ ನಿಲ್ಲಲಿಲ್ಲ. ಅವನು ಬಾಗಿಲಲ್ಲಿ ನಿಂತು ಬೈಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಪ್ಪ ನೆಲ ನೋಡುತ್ತಿದ್ದ. ತಲೆಯೆತ್ತಿ ಕೇಳಿದ.

“ಆಕೆಗೆ ಏನೂ ಆಗಲಿಲ್ಲ, ಸರಿ. ನಮ್ಮ ಅವ್ವನಿಗೆ ಎಪ್ಪತ್ತೆಂಟು ಗುರುಗಳೇ. ಬಿಟ್ಟುಬಿಟ್ಟು, ಮತ್ತೆ ಬಿದ್ದರೆ?”

“ಬಿದ್ದರೆ ಎತ್ತು. ಮನೆ ಬಿಟ್ಟು ಓಡಿಹೋಗು ಅಂದೆನೇ ನಿನಗೆ?” ಎಂದು ಗುರುಗಳು ಗದರಿದರು. ಆಮೇಲೆ ಅವರ ದನಿ ಮೆತ್ತಗಾಯಿತು. ಶಿಷ್ಯನ ಭುಜದ ಮೇಲೆ ಕೈಯಿಟ್ಟರು.

“ಈಗ ನೇರ ಮನೆಗೆ ಹೋಗಿ, ‘ಅವ್ವಾ, ಹಸಿವಾಗಿದೆ’ ಅನ್ನು. ಒಲೆ ಅವಳಿಗೆ ಬಿಡು.”

ನಿರ್ವಾಣಪ್ಪ ಎದ್ದು ಮನೆಯ ದಾರಿ ಹಿಡಿದ.