ಹುಣಸೆಮರದಿಂದ ಕಾಣುವ ಅಕ್ಷರ

ಬಹಳ ಹಿಂದೆ, ಯಾವ ಕಾಲ ಅಂತ ಮಾತ್ರ ಕೇಳಬೇಡಿ, ಮಣ್ಣು ರಸ್ತೆಯ ಪಕ್ಕ ಒಂದೂರಿತ್ತು. ದಿನಕ್ಕೆ ನಾಲ್ಕೇ ಬಸ್ಸು ಹಾಯುತ್ತಿದ್ದವು. ಬಸ್ಸು ದೂರದ ಹುಣಸೆಮರ ದಾಟುವುದರೊಳಗೆ, ಬಸ್ಸಿಗೆ ಕಾಯುವ ಕಟ್ಟೆಯ ಮೇಲಿದ್ದವರು ಕೈ ಎತ್ತಬೇಕು, ಇಲ್ಲದಿದ್ದರೆ ನಿಲ್ಲುತ್ತಿರಲಿಲ್ಲ. ತಪ್ಪು ಬಸ್ಸಿಗೆ ಕೈ ಎತ್ತಿದರೆ ಡ್ರೈವರ್ ಬೈದು ಹೋಗುತ್ತಿದ್ದನಂತೆ.

ಬಸ್ಸಿನ ಬೋರ್ಡು ಬರೆಯುವವನು ಆ ಊರಿನ ಮೋನಪ್ಪ. ಅಕ್ಷರ ಅವನ ಅಜ್ಜ ತಿದ್ದಿಟ್ಟದ್ದು. ಬಳ್ಳಿಯ ಹಾಗೆ ಸುಳಿ, ಕೆಳಗೆ ನೆರಳು, ಸುತ್ತ ಹಳದಿ ಅಂಚು. ಜನ ಅದಕ್ಕೆ ಕೈ ಮುಗಿಯುತ್ತಿದ್ದರಂತೆ. ಓದಲು ಮಾತ್ರ ಹತ್ತಿರದಿಂದಲೂ ಕಷ್ಟ, ದೂರದಿಂದ ಆಗುತ್ತಲೇ ಇರಲಿಲ್ಲ.

ಒಂದು ದಿನ ಮೋನಪ್ಪನ ತಾಯಿ ಆಸ್ಪತ್ರೆಗೆ ಹೊರಟಳು. ಬೋರ್ಡು ತಿಳಿಯದೆ ತಪ್ಪು ಬಸ್ಸಿಗೆ ಕೈ ಎತ್ತಿ ಬೈಸಿಕೊಂಡಳು. ಆ ಹೆದರಿಕೆಗೆ ಹಿಂದೆ ಬಂದ ಸರಿಯಾದ ಬಸ್ಸಿಗೆ ಕೈ ಎತ್ತಲೇ ಇಲ್ಲ. ಅದೇ ವಾರ ತೀರಿಕೊಂಡಳು. ಎರಡೂ ಬೋರ್ಡು ಬರೆದ ಕೈ ಮಗನದೇ.

ಆಮೇಲೆ ಅವನು ಒಂದು ಬಸ್ಸಿನ ಬೋರ್ಡು ಹೊಸದಾಗಿ ಬರೆದ. ಸುಳಿ ತೆಗೆದ, ನೆರಳು ಅಳಿಸಿದ, ಅಕ್ಷರದ ಹೊಟ್ಟೆ ಅಗಲ ಮಾಡಿದ. ಬೋರ್ಡನ್ನು ಕಟ್ಟೆಗೆ ಒರಗಿಸಿ, ನಡುಮಧ್ಯಾಹ್ನ ಹೆಜ್ಜೆ ಎಣಿಸುತ್ತ ಹುಣಸೆಮರದ ತನಕ ಹಿಂದಕ್ಕೇ ನಡೆದ. ಮತ್ತೆ ಬಂದು ತಿದ್ದಿದ, ಮತ್ತೆ ಹಿಂದಕ್ಕೆ ನಡೆದ. ಕೊನೆಗೆ ಅದನ್ನು ಬಸ್ಸಿಗೆ ಕಟ್ಟಿದ.

ಊರಿಗೆ ಅನುಮಾನ ಹತ್ತಿತು. ಹೀಗೆ ಹಿಂದಕ್ಕೆ ಯಾರಾದರೂ ನಡೆಯುತ್ತಾರೆಯೇ, ಬಾಯಲ್ಲಿ ಮಣಮಣ ಅನ್ನುವುದೇನು? ಮಾಟವೇ ಇರಬೇಕು ಅಂದರು. ಯಾರದೋ ಕರು ಸತ್ತಿತು, ಅದೂ ಇವನ ತಲೆಗೇ ಬಂತು. ಎಲ್ಲರಿಗಿಂತ ಜೋರು ಬಾಯಿ ನಮ್ಮಜ್ಜಿ ಗುರವ್ವಳದು, ಮುಚ್ಚಿಡುವುದೇನು.

“ಅಜ್ಜನ ಅಕ್ಷರದ ತಲಿ ಬೋಳಿಸ್ಯಾನ. ಇವಗ ಒಳ್ಳೇದಾಗತೈತೇನು?” ಅಂದಳಂತೆ.

ಹಿರಿಯರು ಕರೆಸಿದರು. ಹಳೆಯದನ್ನೇ ಬರಿ, ಇಲ್ಲ ಕುಂಚ ಇಟ್ಟು ಹೋಗು ಅಂದರು.

“ನಮ್ಮವ್ವಗ ಕಾಣಲಿಲ್ರಿ,” ಅಂದನಂತೆ ಮೋನಪ್ಪ. ಅಷ್ಟೇ ಅಂದದ್ದು. ಅದನ್ನೂ ಯಾರೂ ನಂಬಲಿಲ್ಲ. ಕುಂಚ ಕಟ್ಟೆಯ ಮೇಲಿಟ್ಟು ಮುಂದೆ ಬಂದ ಬಸ್ಸು ಹತ್ತಿಬಿಟ್ಟ.

ಮರುದಿನ ನಮ್ಮಜ್ಜಿ ತವರಿಗೆ ಹೊರಟು ಕಟ್ಟೆಯ ಮೇಲೆ ನಿಂತಿದ್ದಳು. ಹುಣಸೆಮರದ ಆಚೆ ಧೂಳೆದ್ದಿತು. ಧೂಳಿನೊಳಗೆ ಮೋನಪ್ಪನ ಹೊಸ ಅಕ್ಷರದಲ್ಲಿ ತವರೂರಿನ ಹೆಸರು ಕಂಡಿತು. ಅವಳ ಕೈ ತಾನೇ ಮೇಲೆದ್ದಿತು, ಬಸ್ಸು ನಿಂತಿತು. ಅವಳು ಹತ್ತಲಿಲ್ಲ. ಅಲ್ಲೇ ಕುಸಿದು ಕೂತು ಅತ್ತಳಂತೆ.

ಅವನನ್ನು ಕರೆತರಲು ಊರೇ ಎದ್ದಿತು. ಆದರೆ ಎಲ್ಲಿಗೆ ಹೋಗುವುದು? ಅವನು ಹತ್ತಿದ ಬಸ್ಸಿಗೆ ಅಜ್ಜನ ಅಕ್ಷರದ ಬೋರ್ಡಿತ್ತು. ಅದು ಯಾವ ಊರಿನದೆಂದು ಕಟ್ಟೆಯ ಮೇಲಿದ್ದ ಒಬ್ಬರಿಗೂ ಓದಲಾಗಿರಲಿಲ್ಲ.

ಇವತ್ತಿಗೂ ನಮ್ಮ ಕಡೆ ಬೋರ್ಡು ಬರೆದವರು ಹುಣಸೆಮರದ ತನಕ ಹಿಂದಕ್ಕೆ ನಡೆದು ನೋಡುತ್ತಾರೆ. ಇನ್ನೊಂದು ರೂಢಿಯೂ ಉಂಟು. ಬೋರ್ಡು ಓದಲಾಗದ ಬಸ್ಸು ಬಂದರೆ, ಎಲ್ಲಿಗೂ ಹೋಗಬೇಕಿಲ್ಲದವರೂ ಕಟ್ಟೆಯ ಮೇಲೆ ನಿಂತು ಕೈ ಎತ್ತುತ್ತಾರೆ. ಮೋನಪ್ಪ ಇಳಿಯಬಹುದು ಅಂತ.