ಅಕ್ಕೋರ ಕಂಪ್ಯೂಟರಿಗೆ ಸಂಗೀತದ ತಂತ್ರಾಂಶ

ಗುಳೇದಗುಡ್ಡದಲ್ಲಿ ಸುಗಲಾಬಾಯಿ ಎಂಬ ಸಂಗೀತದ ಶಿಕ್ಷಕಿ ಇದ್ದರು. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಅವರ ಎರಡೂ ಕಣ್ಣು ಹೋಗಿದ್ದವು. ಮನೆಯಲ್ಲೇ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದರು. ಊರವರೆಲ್ಲ ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು.

ಒಂದು ದಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರ ಮನೆಗೆ ಬಂದರು. ಶಾಲೆಯ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್, ಹತ್ತಿರ ಬಂದಿತ್ತು.

“ಅಕ್ಕೋರ, ಈ ಸಲ ಗ್ಯಾದರಿಂಗಿನ್ಯಾಗ ನಮ್ಮ ಹುಡುಗ್ಯಾರು ನೇಕಾರರ ಕುಣಿತ ಮಾಡ್ತಾರ್ರಿ. ಅದಕ್ಕ ನೀವು ಒಂದು ಹೊಸಾ ಟ್ಯೂನ್ ಮಾಡಿ ಕೊಡ್ರಿ. ಇಪ್ಪತ್ತು ದಿನ ಟೈಮ್ ಐತಿ. ಆಗಲಿಲ್ಲ ಅಂದ್ರ ಮೊಬೈಲಿನ್ಯಾಗ ಯಾವುದರ ಸಿಕ್ಕದ್ದು ಹಚ್ಚತೀವಿ.”

ಅಕ್ಕೋರಿಗೆ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಬೇರೆಯವರ ಹಾಡು ಕಲಿಸಿದವರು ಅವರು. ನಿಮ್ಮದೇ ಒಂದು ಟ್ಯೂನ್ ಕೊಡಿ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಎರಡೇ ದಿನದಲ್ಲಿ ಅದು ಅವರ ತಲೆಯಲ್ಲಿ ಪೂರ್ತಿಯಾಯಿತು. ಆದರೆ ಅದಕ್ಕೆ ಹಾರ್ಮೋನಿಯಂ ಒಂದೇ ಸಾಲದು. ತಬಲಾ ಬೇಕು, ಕೊಳಲು ಬೇಕು, ತಾಳ ಬೇಕು. ಊರಲ್ಲಿದ್ದ ತಬಲಾದವರು ಸೊಲ್ಲಾಪುರಕ್ಕೆ ಹೋಗಿ ವರ್ಷವಾಗಿತ್ತು. ಕೊಳಲು ಊದುವವರಂತೂ ಮೊದಲೇ ಇರಲಿಲ್ಲ.

ಅಕ್ಕೋರ ಹಳೆಯ ಶಿಷ್ಯ ಚನ್ನವೀರ ಊರಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದ. ಮದುವೆಯ ವಿಡಿಯೋ ಕೂಡಿಸುವುದರಲ್ಲಿ ಅವನ ಕೈ ಪಳಗಿತ್ತು. ವಿಷಯ ಕೇಳಿದ ಕೂಡಲೇ ಅವನು ಹೇಳಿದ:

“ನೀವು ಚಿಂತೀ ಮಾಡಬ್ಯಾಡ್ರಿ ಅಕ್ಕೋರ. ಒಬ್ಬರ ಕುಂತು ಎಲ್ಲಾ ವಾದ್ಯ ಒಂದರ ಮ್ಯಾಲ ಒಂದು ಕೂಡಸಾಕ ಈಗ ತಂತ್ರಾಂಶ ಬಂದಾವು. ಪುಕ್ಕಟೆನೂ ಸಿಗತಾವು. ನಿಮ್ಮ ಮನ್ಯಾಗ ಕಂಪ್ಯೂಟರ್ ಐತೆಲ್ಲ, ಅದರಾಗ ನಾನ ಹಾಕಿ ಕೊಡತೇನಿ.”

ಅಕ್ಕೋರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ಅಕ್ಕೋರು ಅದರ ಸಹಾಯದಿಂದ ಪತ್ರಿಕೆ ಕೇಳುತ್ತಿದ್ದರು, ಶಿಷ್ಯರಿಗೆ ಪತ್ರ ಬರೆಯುತ್ತಿದ್ದರು.

ಚನ್ನವೀರ ಮನಸ್ಸಿಟ್ಟು ಹುಡುಕಿದ. ಒಂದು ತಂತ್ರಾಂಶದಲ್ಲಿ ಎಲ್ಲವೂ ಇತ್ತು, ಮಾಡಿದ್ದನ್ನು ಉಳಿಸಿಕೊಳ್ಳಲು ಮಾತ್ರ ಹಣ ಕಟ್ಟಬೇಕಿತ್ತು. ಇನ್ನೊಂದು ಎಷ್ಟು ದೊಡ್ಡದೆಂದರೆ ಹಳೆಯ ಕಂಪ್ಯೂಟರು ಅದನ್ನು ತೆರೆಯುವಷ್ಟರಲ್ಲೇ ನಿಂತುಬಿಟ್ಟಿತು. ಮತ್ತೊಂದನ್ನು ನೋಡಿ ಅವನಿಗೆ ನಗು ಬಂತು. ಬೂದು ಬಣ್ಣದ ಚೌಕಗಳು, ಸಾಲುಸಾಲು ಪಟ್ಟಿಗಳು. ಸರಕಾರಿ ಕಚೇರಿಯ ಫಾರ್ಮಿನಂತೆ ಕಾಣುತ್ತಿತ್ತು. ಅದನ್ನು ತಕ್ಷಣ ಮುಚ್ಚಿದ. ಕೊನೆಗೆ ಒಂದು ಅವನ ಮನಸ್ಸಿಗೆ ಹಿಡಿಸಿತು. ಒಂದೊಂದು ವಾದ್ಯಕ್ಕೆ ಒಂದೊಂದು ಬಣ್ಣ. ಸ್ವರ ನುಡಿದಂತೆ ಹೊಳೆಯುವ ದೀಪಗಳು. ಇನ್ನೂರು ವಾದ್ಯಗಳ ದನಿ, ಅದೂ ಉಚಿತ. ಅದನ್ನೇ ಹಾಕಿದ.

ಮರುದಿನ ಅಕ್ಕೋರು ಕಂಪ್ಯೂಟರಿಗೆ ಜೋಡಿಸಿದ ಪುಟ್ಟ ಕೀಬೋರ್ಡಿನ ಮೇಲೆ ತಮ್ಮ ಟ್ಯೂನ್ ನುಡಿಸಿದರು. ಚನ್ನವೀರ ಮೌಸ್ ಹಿಡಿದು ಅದಕ್ಕೆ ತಬಲಾ ಸೇರಿಸಿದ, ಕೊಳಲು ಸೇರಿಸಿದ. ಸ್ವರಗಳು ಅಲ್ಲಲ್ಲಿ ಹಿಂದೆ ಮುಂದೆ ಬಿದ್ದಿದ್ದವು. ಎಲ್ಲವನ್ನೂ ತಾಳದ ಗೆರೆಗೆ ಸರಿಯಾಗಿ ಕೂರಿಸುವ ಒಂದು ಗುಂಡಿ ಇತ್ತು, ಅದನ್ನು ಒತ್ತಿದ. ನಡುವೆ ಒಂದು ಕಡೆ ತಾಳದ ಎರಡು ಮಾತ್ರೆಗಳಷ್ಟು ಬರೀ ಮೌನವಿತ್ತು. ಅದನ್ನು ಕತ್ತರಿಸಿ ಎರಡೂ ತುದಿ ಸೇರಿಸಿದ. ಆಮೇಲೆ ಕೇಳಿಸಿದ.

ಅಕ್ಕೋರು ತಲೆ ತಗ್ಗಿಸಿ ಕೇಳಿದರು.

“ನಡುವ ಒಂದೀಟು ನಿಂದರೂದು ಇತ್ತಲ್ಲೋ?”

“ಅದು ತಪ್ಪಿ ಬಿದ್ದಿತ್ತು ಕಾಣತೈತ್ರಿ. ಸರಿ ಮಾಡೇನಿ.”

ಅಕ್ಕೋರು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಎದ್ದರು.

ಕೆಲಸ ಇನ್ನೂ ಅರ್ಧವಿತ್ತು. ಅಷ್ಟರಲ್ಲಿ ಮದುವೆಗಳು ಸಾಲುಗಟ್ಟಿದವು. ಚನ್ನವೀರ ಬಾದಾಮಿಗೆ ಹೋದ, ಇಳಕಲ್ಲಿಗೆ ಹೋದ. ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎನ್ನುತ್ತಲೇ ಆರು ದಿನ ಕಳೆದವು. ಇತ್ತ ಶಾಲೆಯಿಂದ ಫೋನು ಬಂತು. ಹುಡುಗಿಯರು ಕುಣಿತ ಕಲಿಯಬೇಕು, ಟ್ಯೂನ್ ಎಲ್ಲಿ ಎಂದು ಕೇಳಿದರು. ಗ್ಯಾದರಿಂಗಿಗೆ ಒಂಬತ್ತೇ ದಿನ ಉಳಿದಿತ್ತು.

ಏಳನೆಯ ದಿನ ಬೆಳಿಗ್ಗೆ ಚನ್ನವೀರ ಬಂದಾಗ ಅಕ್ಕೋರು ಕಂಪ್ಯೂಟರಿನ ಮುಂದೆಯೇ ಕುಳಿತಿದ್ದರು. ಕೈಗಳು ತೊಡೆಯ ಮೇಲಿದ್ದವು.

“ನಾನ ಮಾಡೂನಂತ ಮುಂಜಾನಿಂದ ಕುಂತೇನಿ,” ಎಂದರು. “ಎಲ್ಲಿ ಹ್ವಾದರೂ ಈ ಓದೂ ದನಿ ‘ಗುಂಡಿ, ಗುಂಡಿ, ಗುಂಡಿ’ ಅಂತ ಅಷ್ಟ ಅನ್ನತೈತಿ. ಯಾವ ಗುಂಡಿ, ಯಾತರ ಗುಂಡಿ, ಹೇಳೂದಿಲ್ಲ. ತಬಲಾ ಎಲ್ಲಿ ಐತಿ, ಕೊಳಲು ಎಲ್ಲಿ ಐತಿ, ನನಗ ಗೊತ್ತಾಗವಲ್ತು.”

“ನೀವ್ಯಾಕ ತ್ರಾಸ ತಗೋತೀರಿ? ನಾ ಬಂದು ಮಾಡತಿದ್ನೆಲ್ರಿ.”

“ನೀ ಬರೂತನಕ ನನ್ನ ಟ್ಯೂನ್ ನಿಂತಿರಬೇಕಲ್ಲಪಾ,” ಎಂದರು ಅಕ್ಕೋರು.

ಅವರು ಸಿಟ್ಟಿನಿಂದ ಹೇಳಲಿಲ್ಲ. ಆದರೂ ಚನ್ನವೀರನ ಮುಖ ಸಪ್ಪಗಾಯಿತು. ಅಷ್ಟೊಂದು ಹುಡುಕಿದ್ದ, ಅಷ್ಟೊಂದು ಹೋಲಿಸಿದ್ದ. ಇದನ್ನು ಅಕ್ಕೋರು ಹೇಗೆ ನಡೆಸುತ್ತಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಅವನು ಅಕ್ಕೋರ ಕುರ್ಚಿಯಲ್ಲಿ ಕುಳಿತ. ಪರದೆಯ ಸ್ವಿಚ್ ಬಂದ್ ಮಾಡಿದ. ಮೌಸನ್ನು ಕಿತ್ತು ಪಕ್ಕಕ್ಕಿಟ್ಟ. ಕಪ್ಪು ಪರದೆಯ ಎದುರು ಕುಳಿತು ತನಗೆ ಇಷ್ಟವಾಗಿದ್ದ ತಂತ್ರಾಂಶವನ್ನು ಬರೀ ಕಿವಿಯಿಂದ ನಡೆಸಲು ನೋಡಿದ. ಹತ್ತು ನಿಮಿಷದಲ್ಲಿ ಅವನಿಗೆ ಬೆವರು ಬಂತು. ಒಂದು ಸ್ವರವನ್ನೂ ಸೇರಿಸಲಾಗಲಿಲ್ಲ.

ಬೇರೆ ತಂತ್ರಾಂಶಗಳನ್ನೂ ಹಾಗೆಯೇ ಪರೀಕ್ಷಿಸಿದ. ಒಂದಂತೂ ಬಾಯಿಯನ್ನೇ ಬಿಡಲಿಲ್ಲ. ಇನ್ನೊಂದು ಎಲ್ಲವನ್ನೂ ಓದಿ ಹೇಳಿತು, ಆದರೆ ಸ್ವರ ಇಡಬೇಕಾದರೆ ಮೌಸ್ ಬೇಕೇ ಬೇಕು ಎಂದಿತು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ. ತಾನು ನಕ್ಕು ಮುಚ್ಚಿದ್ದ ಆ ಬೂದು ಬಣ್ಣದ್ದು.

ಅದನ್ನು ತೆರೆದು ಬಾಣದ ಗುರುತಿನ ಕೀಲಿ ಒತ್ತಿದ. “ಮೊದಲ ಸಾಲು, ಹಾರ್ಮೋನಿಯಂ, ಖಾಲಿ,” ಎಂದಿತು ಕಂಪ್ಯೂಟರು. ಮತ್ತೆ ಒತ್ತಿದ. “ಎರಡನೇ ಸಾಲು, ತಬಲಾ, ಖಾಲಿ.” ಎಲ್ಲವೂ ಪಟ್ಟಿಯಲ್ಲಿ ಕ್ರಮವಾಗಿದ್ದವು. ಎಲ್ಲಕ್ಕೂ ಹೆಸರಿತ್ತು. ವಾದ್ಯಗಳು ಹೆಚ್ಚಿರಲಿಲ್ಲ, ಮೂವತ್ತೋ ಏನೋ ಇದ್ದವು. ಅಕ್ಕೋರಿಗೆ ಬೇಕಾದ ನಾಲ್ಕೂ ಅದರಲ್ಲಿದ್ದವು.

“ಅಕ್ಕೋರ, ಬರ್ರಿ, ಇಲ್ಲಿ ಕುಂದರ್ರಿ,” ಎಂದು ಎದ್ದ.

ಅಕ್ಕೋರು ಕುಳಿತರು. ಬೆರಳುಗಳು ಕೀಲಿಗಳ ಮೇಲೆ ಮೆಲ್ಲಗೆ ಓಡಾಡಿದವು. ಒಂದು ತಾಸಿನಲ್ಲಿ ಅವರೇ ಹಾರ್ಮೋನಿಯಂ ತುಂಬಿಸಿದರು. ಚಾ ಕುಡಿಯುವುದನ್ನೂ ಮರೆತರು. ನಡುವೆ ಒಂದು ಸಲ ಎಲ್ಲ ಅಳಿಸಿಹೋಯಿತು. ಬೈದುಕೊಂಡು ಮತ್ತೆ ಮೊದಲಿನಿಂದ ಮಾಡಿದರು.

ಅಲ್ಲಿಂದ ನಾಲ್ಕನೆಯ ದಿನ ಅವರು ಚನ್ನವೀರನನ್ನು ಕರೆಸಿ ಟ್ಯೂನ್ ಕೇಳಿಸಿದರು. ಮಗ್ಗದ ಸಪ್ಪಳದ ಹಾಗೆ ತಬಲಾ ಓಡುತ್ತಿತ್ತು. ಅದರ ಮೇಲೆ ಕೊಳಲು. ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಎರಡು ಮಾತ್ರೆ ಏನೂ ಇಲ್ಲ. ಆಮೇಲೆ ಮತ್ತೆ ಮಗ್ಗ ಹೊರಟಿತು.

“ಎಳಿ ಹರದಾಗ ಮಗ್ಗ ನಿಂದರತೈತೆಲ್ಲ,” ಎಂದರು ಅಕ್ಕೋರು. “ನಮ್ಮವ್ವ ಗಂಟು ಹಾಕೂತನಕ ಸುಮ್ಮನ ಇರತಿತ್ತು. ನಾ ಸಣ್ಣಾಕಿ ಇದ್ದಾಗ ಅದನ್ನ ಕೇಳಕೋತ ಕುಂದರತಿದ್ದೆ.”

ಚನ್ನವೀರನಿಗೆ ತಾನು ಕತ್ತರಿಸಿದ್ದು ಏನೆಂದು ಆಗ ತಿಳಿಯಿತು. “ನಾ ಅದನ್ನ ತಪ್ಪಂತ ತಿಳದು ತಗದಬಿಟ್ಟಿದ್ದೆನ್ರಿ. ಅವತ್ತ ನೀವು ಯಾಕ ಹೇಳಲಿಲ್ಲ?”

“ಒಂದ ಸಲ ಹೇಳಿದೆ. ನೀನು ನಿನ್ನ ಕೆಲಸ ಬಿಟ್ಟು ನನಗಾಗಿ ಬರತಿದ್ದಿ. ಉಪಕಾರ ಮಾಡವ್ರಿಗೆ ಎಷ್ಟಂತ ಹೇಳೂದಪಾ?”

ಅದೇ ದಿನ ಟ್ಯೂನ್ ಶಾಲೆಗೆ ಹೋಯಿತು.

ಹುಡುಗಿಯರು ಐದು ದಿನದಲ್ಲಿ ಕುಣಿತ ಕಲಿತರು. ಗ್ಯಾದರಿಂಗಿನ ದಿನ ಆ ಮೌನ ಬಂದಾಗ ಹನ್ನೆರಡು ಹುಡುಗಿಯರೂ ಇದ್ದಲ್ಲೇ ನಿಂತರು. ಮುಂದೆ ಕುಳಿತಿದ್ದ ನೇಕಾರ ಹೆಂಗಸೊಬ್ಬಳು ಪಕ್ಕದವಳ ಮೊಣಕೈ ಹಿಡಿದು, “ಎಳಿ ಹರೀತ ನೋಡ!” ಎಂದಳು. ಸುತ್ತಲಿನವರೆಲ್ಲ ನಕ್ಕರು, ಚಪ್ಪಾಳೆ ತಟ್ಟಿದರು. ಅಕ್ಕೋರು ಮೊದಲ ಸಾಲಿನಲ್ಲಿ ಕುಳಿತು ಅದನ್ನೆಲ್ಲ ಕೇಳುತ್ತಿದ್ದರು.

ಮುಂದಿನ ವಾರ ಚನ್ನವೀರ ಅಕ್ಕೋರ ಮನೆಗೆ ಹೋದ. “ಮತ್ತೇನರ ಮಾಡಿ ಕೊಡೂದೈತೇನ್ರಿ?” ಎಂದು ಕೇಳಿದ.

“ಮಾಡೂದು ಏನೂ ಇಲ್ಲೋ,” ಎಂದು ಅಕ್ಕೋರು ನಕ್ಕರು. “ಇನ್ನೊಂದು ಟ್ಯೂನ್ ಮುಗಿಸೇನಿ. ನೀ ಸುಮ್ಮನ ಕುಂತು ಕೇಳು.”

ನೀತಿ: ಇನ್ನೊಬ್ಬರಿಗಾಗಿ ಏನನ್ನಾದರೂ ಆರಿಸುವ ಮೊದಲು ಸ್ವಲ್ಪ ಹೊತ್ತು ಅವರ ಕುರ್ಚಿಯಲ್ಲಿ ಕುಳಿತು ನೋಡಬೇಕು. ಅವರು ಯಾರನ್ನೂ ಕಾಯದೆ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಂತೆ ಆದರೆ, ಅದೇ ನಿಜವಾದ ಸಹಾಯ.